ಮಾಟುಂಗಾದ ಪೋಸ್ಟ್ ಅಂಗಡಿ: ಕನ್ನಡ ಚೆನ್ನಾಗಿದೆ, ಒಂದು ತಕರಾರು ಇದೆ

ನಿಮ್ಮ ಸಂಘಕ್ಕೋ, ಹೋಟೆಲಿಗೋ, ಚುನಾವಣೆಗೆ ನಿಂತ ನಿಮ್ಮವರಿಗೋ ಮುಂಬೈಯಲ್ಲಿ ಸೋಷಿಯಲ್ ಮೀಡಿಯಾಕ್ಕೆ ಹಾಕುವ ಕನ್ನಡದ ಪೋಸ್ಟ್ ಮಾಡಿಸಬೇಕಿದ್ದರೆ ಮಾಟುಂಗಾ ಪೂರ್ವದ ಈ ಚಿಕ್ಕ ಅಂಗಡಿಗೆ ಧೈರ್ಯವಾಗಿ ಹೋಗಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದನ್ನು ಹಿಡಿದಿಟ್ಟುಕೊಂಡಿದ್ದೇನೆ. ಅದಕ್ಕೆ ಕಾರಣ ಹೇಳಬೇಕೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಈಗ ಒಂದು ಕನ್ನಡ ಸಂಘದ ಮಹಿಳಾ ವಿಭಾಗದ ಪತ್ರ, ಪೋಸ್ಟು, ಆಮಂತ್ರಣ ಎಲ್ಲ ನನ್ನ ಕೈಯಲ್ಲೇ. ಆ ಕೆಲಸಕ್ಕಾಗಿ ಇಲ್ಲಿಗೆ ಹೋಗಲು ಶುರು ಮಾಡಿದೆ. ಆಮೇಲೆ ಅಂಗಡಿಯವರೇ ಕನ್ನಡದ ಪ್ರೂಫ್ ನೋಡಿಕೊಡಿ ಅಂತ ಕೇಳಿದರು. ಹಾಗಾಗಿ ಗಿರಾಕಿಯಾಗಿಯೂ ಗೊತ್ತು, ಒಳಗಿನ ಕೆಲಸವೂ ಗೊತ್ತು. ಪ್ರೂಫಿಗೆ ಅವರಿಂದ ಹಣ ತೆಗೆದುಕೊಂಡಿದ್ದೇನೆ, ಅದನ್ನೂ ತಿಳಿಸಿಬಿಡುತ್ತೇನೆ.

ಅಂಗಡಿ ಮಾರ್ಕೆಟಿನ ಒಳಗಿನ ಗಲ್ಲಿಯಲ್ಲಿದೆ. ಹೂವಿನ ಅಂಗಡಿಗಳು ಮುಗಿದ ಮೇಲೆ ಎಡಕ್ಕೆ. ಮೊದಲು ಬರೀ ಡಿಟಿಪಿ ಇತ್ತು. ಮದುವೆ ಪತ್ರಿಕೆ, ಯಕ್ಷಗಾನದ ಕರಪತ್ರ, ಶನಿಪೂಜೆಯ ರಸೀದಿ ಪುಸ್ತಕ. ಈಗ ಅರ್ಧಕ್ಕಿಂತ ಜಾಸ್ತಿ ಕೆಲಸ ಮೊಬೈಲಿನದ್ದು: ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ (ಮೊದಲಿನ ಟ್ವಿಟರ್), ವಾಟ್ಸಾಪ್ ಸ್ಟೇಟಸ್. ಒಂದು ಭಾಷೆಯ ಒಂದು ಚಿತ್ರಕ್ಕೆ 350 ರೂಪಾಯಿ, ಅದೇ ಚಿತ್ರ ಇನ್ನೊಂದು ಭಾಷೆಯಲ್ಲಿ ಬೇಕಿದ್ದರೆ ಮೇಲೆ 200. ತಿಂಗಳ ಲೆಕ್ಕದಲ್ಲೂ ಮಾಡಿಕೊಡುತ್ತಾರೆ. ಈ ಕೆಲಸಕ್ಕೆ ಇದು ದುಬಾರಿ ಅಲ್ಲ.

ಅಂಗಡಿಯವರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯೂ ಕನ್ನಡ, ಊರಿನ ಕಚೇರಿ ಮರಾಠಿ. ಎರಡೂ ಭಾಷೆ ಒಂದೇ ಸಲೀಸಾಗಿ ಬರುತ್ತದೆ. ನಾನು ದಕ್ಷಿಣ ಕನ್ನಡದವಳು, ನಮ್ಮ ಕಡೆ ಟೀಚರ್ ಅನ್ನುತ್ತಾರೆ. ಅವರು ನನ್ನನ್ನು ಅಕ್ಕೋರೇ ಅಂತಲೇ ಕರೆಯುವುದು. ನನಗದು ಇಷ್ಟ.

ಇಲ್ಲಿಯ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಅವರು ಕೇಳುವ ಪ್ರಶ್ನೆ. ನಮ್ಮ ಸಂಘದ ರಾಜ್ಯೋತ್ಸವದ ಪೋಸ್ಟಿಗೆ ಹೋದಾಗ ನಾನು ಬರೆದ ಸಾಲುಗಳನ್ನು ಓದಿದರು. ಚೆನ್ನಾಗಿದೆ ಅಂದರು. ಆಮೇಲೆ ಕೇಳಿದರು: "ಅಕ್ಕೋರೇ, ಇದನ್ನ ಓದೋರು ಯಾರ್ರೀ?" ಕನ್ನಡಿಗರು ಅಂದೆ. "ಯಾವ ಕನ್ನಡಿಗರು? ಊರಿಂದ ಬಂದ ಅಜ್ಜಾರೋ, ಇಲ್ಲೇ ಹುಟ್ಟಿ ಇಂಗ್ಲಿಷ್ ಶಾಲಿಗೆ ಹೋಗೋ ಮೊಮ್ಮಗಳೋ?" ನಾವು ಕರೆಯಬೇಕಿದ್ದದ್ದು ಎರಡನೆಯವರನ್ನು. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ನಿಧಾನ. ಹಾಗಾಗಿ ದೊಡ್ಡ ಅಕ್ಷರದಲ್ಲಿ ಎರಡೇ ಸಾಲು ಕನ್ನಡ ಇಟ್ಟು, ಸಮಯ ಮತ್ತು ಜಾಗ ಇಂಗ್ಲಿಷಿನಲ್ಲಿ ಹಾಕಿದರು. ಅಜ್ಜಂದಿರಿಗೆ ಪೂರ್ತಿ ಕನ್ನಡದ್ದು ಬೇರೆ ಮಾಡಿ ವಾಟ್ಸಾಪಿಗೆ ಕೊಟ್ಟರು. ಎರಡರಲ್ಲೂ ವಿಷಯ ಒಂದೇ. ಆ ವರ್ಷ ಕಾಲೇಜಿನ ಮಕ್ಕಳು ಬಂದು ಮುಂದಿನ ಸಾಲಿನಲ್ಲಿ ಕೂತರು.

ತಾಂತ್ರಿಕ ವಿಷಯದಲ್ಲೂ ಅವರು ಗಟ್ಟಿ. ಮುಂಚೆ ನಮ್ಮಲ್ಲಿ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಫೇಸ್‌ಬುಕ್ಕಿಗೆ ಅಂಟಿಸುತ್ತಿದ್ದರು. ಹಳೇ ಆಸ್ಕಿ ಫಾಂಟಿನ ಬರಹ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಇವರು ಎಲ್ಲವನ್ನೂ ಯೂನಿಕೋಡ್ ಮಾಡುತ್ತಾರೆ, ಅಂದರೆ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ. ಚಿತ್ರದೊಳಗೆ ಇರುವ ಮಾತನ್ನು ಕ್ಯಾಪ್ಷನ್ನಿನಲ್ಲೂ ಬರೆಯುತ್ತಾರೆ. ಆಗ ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಎಕ್ಸ್‌ನಲ್ಲಿ ಮಾಮೂಲಿ ಖಾತೆಗೆ 280 ಅಕ್ಷರದ ಮಿತಿ ಇದೆ. 2017ರ ನವೆಂಬರ್‌ವರೆಗೆ ಅದು 140 ಇತ್ತು. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. "ಕ್ಷಿ" ನಮ್ಮ ಕಣ್ಣಿಗೆ ಒಂದು ಅಕ್ಷರ, ಆ ಯಂತ್ರಕ್ಕೆ ನಾಲ್ಕು. ಕನ್ನಡದಲ್ಲಿ ವಿವರವಾಗಿ ಹೇಳಹೊರಟ ನಾಯಕರ ಟ್ವೀಟುಗಳು 1/5, 2/5 ಅಂತ ಸರಣಿಯಾಗಿ ಬರುವುದಕ್ಕೆ ಇದೂ ಒಂದು ಕಾರಣ. ಅಂಗಡಿಯ ಹುಡುಗರಿಗೆ ಇದು ಬಾಯಿಪಾಠ. ಉದ್ದದ ಪದ ಕಂಡರೆ ಕತ್ತರಿಸಿ ಸಣ್ಣದು ಹಾಕುತ್ತಾರೆ, ಅದರಿಂದ ಕನ್ನಡವೂ ಹಗುರವಾಗುತ್ತದೆ.

ಇನ್ನು ರಾಜಕೀಯದ ಕೆಲಸಕ್ಕೆ ಬರುತ್ತೇನೆ. ಈ ಅಂಗಡಿ ಬೇರೆಯವರಿಗಿಂತ ಮುಂದಿರುವುದು ಅಲ್ಲೇ.

ಕಪಾಟಿನಲ್ಲಿ ಒಂದು ದಪ್ಪ ಫೈಲ್ ಇದೆ. ದೊಡ್ಡ ನಾಯಕರ ಪೋಸ್ಟುಗಳ ಪ್ರಿಂಟ್. ಹೊಸದಾಗಿ ಸೇರಿದ ಹುಡುಗರಿಗೆ ಇದೇ ಪಠ್ಯಪುಸ್ತಕ. ಒಬ್ಬ ರಾಜಕಾರಣಿ ಯಾವ ಭಾಷೆ ಆರಿಸಿಕೊಂಡ, ತನ್ನನ್ನು ಏನೆಂದು ಕರೆದುಕೊಂಡ, ಯಾರಿಗೆ ಹೇಳಿದ ಅಂತ ಪೆನ್ಸಿಲಿನಲ್ಲಿ ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಪಕ್ಷ ನೋಡಿಲ್ಲ, ಎಲ್ಲರೂ ಇದ್ದಾರೆ. ಪ್ರೂಫ್ ಬರುವವರೆಗೆ ಕಾಯುವಾಗ ನಾನು ಅದನ್ನೇ ಓದುತ್ತಾ ಕೂರುತ್ತಿದ್ದೆ. ಎಷ್ಟೋ ವರ್ಷದಿಂದ ಫೋನಿನಲ್ಲಿ ನೋಡಿ ಸುಮ್ನೆ ಮೇಲೆ ತಳ್ಳಿದ ಪೋಸ್ಟುಗಳು ಕಾಗದದ ಮೇಲೆ ಸಾಲಾಗಿ ಕಂಡಾಗ ಬೇರೆಯೇ ಅರ್ಥ ಕೊಡುತ್ತವೆ.

ಮೊದಲ ಪುಟಗಳು ಹೆಸರಿನ ಬಗ್ಗೆ. 2018ರ ಮಾರ್ಚ್‌ವರೆಗೆ ರಾಹುಲ್ ಗಾಂಧಿಯವರ ಟ್ವಿಟರ್ ಖಾತೆಯ ವಿಳಾಸ "ಆಫೀಸ್ ಆಫ್ ಆರ್‌ಜಿ" ಅಂತ ಇತ್ತು. ಅದು ಒಂದು ಕಚೇರಿ ಮಾತಾಡಿದ ಹಾಗೆ. ಆಮೇಲೆ ಬರೀ ಅವರ ಹೆಸರಾಯಿತು, ಮನುಷ್ಯ ಮಾತಾಡಿದ ಹಾಗೆ. 2019ರ ಮಾರ್ಚಿನಲ್ಲಿ ನರೇಂದ್ರ ಮೋದಿಯವರು ತಮ್ಮ ಹೆಸರಿನ ಮುಂದೆ "ಚೌಕಿದಾರ್" ಅಂತ ಸೇರಿಸಿಕೊಂಡರು. ಮಂತ್ರಿಗಳು, ಕಾರ್ಯಕರ್ತರು, ಮಾಮೂಲಿ ಬೆಂಬಲಿಗರು ಎಲ್ಲರೂ ಸೇರಿಸಿಕೊಂಡರು. ಫಲಿತಾಂಶ ಬಂದ ಮೇ 23ರಂದು ಅವರೇ ತೆಗೆದರು. 2024ರ ಚುನಾವಣೆಗೆ "ಮೋದಿ ಕಾ ಪರಿವಾರ್" ಬಂತು, ಜೂನಿನಲ್ಲಿ ಅದೂ ಹೋಯಿತು. ಎರಡು ಸಲವೂ ಎದುರಾಳಿ ಎಸೆದ ಮಾತನ್ನೇ ಹಿಡಿದು ಹೆಸರಿಗೆ ಅಂಟಿಸಿಕೊಂಡದ್ದು. ಕಾವಲುಗಾರನೇ ಕಳ್ಳ ಅಂದರು, ಹಾಗಾದರೆ ನಾವೆಲ್ಲ ಕಾವಲುಗಾರರು. ಕುಟುಂಬ ಇಲ್ಲದವರು ಅಂದರು, ಹಾಗಾದರೆ ದೇಶವೇ ಕುಟುಂಬ. ಒಬ್ಬರ ಗುರುತು ಲಕ್ಷಾಂತರ ಜನರ ಹೆಸರಿನ ಪಕ್ಕ ಹೋಗಿ ಕೂತಿತು. ಇದು ಮೈಕಿನ ಭಾಷಣದಲ್ಲಿ ಆಗುವ ಕೆಲಸವಲ್ಲ. ಹೆಸರು ಬರೆಯುವ ಜಾಗ ಎಲ್ಲರ ಕೈಗೂ ಸಿಕ್ಕಿದ್ದರಿಂದ ಆದದ್ದು.

ಹಬ್ಬದ ಪುಟಗಳೂ ಇವೆ. ಯುಗಾದಿಯ ದಿನ ಮೋದಿಯವರ ಖಾತೆಯಲ್ಲಿ ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ಮರಾಠಿಗರಿಗೆ ಗುಡಿಪಾಡ್ವದ ಶುಭಾಶಯ ಮರಾಠಿಯಲ್ಲಿ ಬರುತ್ತದೆ. ನವೆಂಬರ್ 1ಕ್ಕೆ ಕನ್ನಡ, ಮಹಾರಾಷ್ಟ್ರ ಮತ್ತು ಗುಜರಾತ್ ರಾಜ್ಯಗಳ ದಿನವಾದ ಮೇ 1ಕ್ಕೆ ಮರಾಠಿ ಮತ್ತು ಗುಜರಾತಿ. ನಮ್ಮ ಸಂಘದಲ್ಲಿ ಇದನ್ನು ನೋಡಿ ಸಂತೋಷಪಡುವವರು ತುಂಬಾ ಜನ. ನನಗೂ ಸಂತೋಷವೇ. ನನ್ನ ಅಕ್ಷರದಲ್ಲಿ ದೇಶದ ಪ್ರಧಾನಿ ಬರೆದರೆ ಯಾರಿಗೆ ಬೇಡ? ಆದರೆ ಹಬ್ಬದ ಕನ್ನಡ ಬೇರೆ, ಆಡಳಿತದ ಕನ್ನಡ ಬೇರೆ. ಬ್ಯಾಂಕಿನ ಚಲನ್ ಕನ್ನಡದಲ್ಲಿ ಇದೆಯಾ ಅನ್ನುವುದನ್ನು ಶುಭಾಶಯ ಹೇಳುವುದಿಲ್ಲ. ಅಂಗಡಿಯವರು ಆ ಪುಟದ ಪಕ್ಕದಲ್ಲಿ ಬರೆದಿರುವುದೂ ಇದನ್ನೇ: ಶುಭಾಶಯಕ್ಕೆ ಯಾರೂ ಎದುರು ಮಾತಾಡುವುದಿಲ್ಲ, ಹಾಗಾಗಿ ಎಲ್ಲರೂ ಅದನ್ನೇ ಮೊದಲು ಬರೆಸುತ್ತಾರೆ.

ನಾನು ತಿರುಗಿ ತಿರುಗಿ ಓದಿದ್ದು 2019ರ ಸೆಪ್ಟೆಂಬರಿನ ಎರಡು ಪುಟ. 14ನೇ ತಾರೀಖು ಹಿಂದಿ ದಿವಸ. ದೇಶಕ್ಕೆ ಗುರುತಾಗಿ ನಿಲ್ಲುವ ಒಂದು ಭಾಷೆ ಬೇಕು, ಅದು ಹಿಂದಿಯಿಂದ ಆಗುತ್ತದೆ ಎಂಬ ಅರ್ಥದಲ್ಲಿ ಅಮಿತ್ ಶಾ ಹಿಂದಿಯಲ್ಲಿ ಬರೆದರು. ಎರಡು ದಿನ ಬಿಟ್ಟು ಅದೇ ಪಕ್ಷದ ಮುಖ್ಯಮಂತ್ರಿ ಯಡಿಯೂರಪ್ಪನವರು ಎಲ್ಲ ಅಧಿಕೃತ ಭಾಷೆಗಳೂ ಸಮಾನ, ಕರ್ನಾಟಕದಲ್ಲಿ ಕನ್ನಡವೇ ಮುಖ್ಯ, ಅದರ ವಿಷಯದಲ್ಲಿ ರಾಜಿ ಇಲ್ಲ ಅಂತ ಬರೆದರು. ಅವರು ಇದನ್ನು ಬರೆದದ್ದು ಇಂಗ್ಲಿಷಿನಲ್ಲಿ. 2022ರ ಏಪ್ರಿಲಿನಲ್ಲಿ ಅಜಯ್ ದೇವಗನ್ ಮತ್ತು ಸುದೀಪ್ ನಡುವೆ ಹಿಂದಿಯ ಮಾತು ಬಂದಾಗ ಸಿದ್ದರಾಮಯ್ಯನವರೂ ಅಷ್ಟೇ. ಹಿಂದಿ ಯಾವತ್ತೂ ನಮ್ಮ ರಾಷ್ಟ್ರಭಾಷೆ ಆಗಿರಲಿಲ್ಲ, ಆಗುವುದೂ ಇಲ್ಲ, ನಾನು ಕನ್ನಡಿಗ ಅನ್ನುವ ಹೆಮ್ಮೆ ನನಗಿದೆ ಎಂಬ ಮಾತು ಇಂಗ್ಲಿಷಿನಲ್ಲಿ ಬಂತು.

ಇದನ್ನು ತಪ್ಪು ಅನ್ನಬೇಡಿ. ಕನ್ನಡದಲ್ಲೇ ಬರೆದಿದ್ದರೆ ಕನ್ನಡಿಗರು ಓದಿ ಚಪ್ಪಾಳೆ ತಟ್ಟುತ್ತಿದ್ದರು. ದೆಹಲಿಯವರಿಗೆ ಕೇಳಿಸಬೇಕು, ಕನ್ನಡದವರಿಗೆ ತಾನು ದೆಹಲಿಗೆ ಹೇಳಿದ್ದು ಕಾಣಬೇಕು. ಎರಡೂ ಕೆಲಸ ಒಂದೇ ಪೋಸ್ಟಿನಲ್ಲಿ ಆಗಬೇಕಿದ್ದರೆ ಇಂಗ್ಲಿಷ್ ಬೇಕಾಯಿತು. 2017ರಲ್ಲಿ ಬೆಂಗಳೂರಿನ ಮೆಟ್ರೋದಲ್ಲಿ ಹಿಂದಿ ಫಲಕದ ಗಲಾಟೆ ಆದಾಗ "ನಮ್ಮ ಮೆಟ್ರೋ ಹಿಂದಿ ಬೇಡ" ಅನ್ನುವ ಹ್ಯಾಶ್‌ಟ್ಯಾಗನ್ನು ಜನ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದೂ ಇದೇ ಲೆಕ್ಕ. ಮಾತು ಕನ್ನಡದ್ದು, ಲಿಪಿ ಎಲ್ಲರಿಗೂ ಕಾಣುವಂಥದ್ದು.

ಆ ಫೈಲಿನಲ್ಲಿ ಮನಸ್ಸಿಗೆ ನೋವು ಕೊಡುವ ಪುಟವೂ ಇದೆ. 2021ರ ಜನವರಿ 17. ಮಹಾರಾಷ್ಟ್ರದ ಮುಖ್ಯಮಂತ್ರಿ ಕಚೇರಿಯ ಖಾತೆ ಗಡಿ ಹೋರಾಟದ ಹುತಾತ್ಮರನ್ನು ನೆನೆಯುತ್ತಾ, ಕರ್ನಾಟಕ ಆಕ್ರಮಿಸಿಕೊಂಡ ಮರಾಠಿ ಪ್ರದೇಶವನ್ನು ಸೇರಿಸಿಕೊಳ್ಳುವುದೇ ಅವರಿಗೆ ಸಲ್ಲುವ ಗೌರವ ಅಂತ ಬರೆಯಿತು. ಯಡಿಯೂರಪ್ಪನವರು ಖಂಡಿಸಿ ಬರೆದರು. ಬೆಳಗಾವಿಯ ಜಗಳ ಹಳೆಯದು, 1956ರಿಂದ ಇದೆ. ಆದರೆ ಮುಂಬೈ ಕನ್ನಡಿಗರ ಫೋನಿಗೆ ಎರಡೂ ಬಂದವು, ಯಾಕೆಂದರೆ ನಮಗೆ ಎರಡೂ ಓದಲಿಕ್ಕೆ ಬರುತ್ತದೆ. ನಮ್ಮ ಕಟ್ಟಡದ ಗ್ರೂಪಿನಲ್ಲಿ ಒಂದು, ಊರಿನ ಗ್ರೂಪಿನಲ್ಲಿ ಇನ್ನೊಂದು. ಮೇಲಿನ ಮನೆಯ ಮರಾಠಿ ವಹಿನಿಗೆ (ಅತ್ತಿಗೆಗೆ) ಕರ್ನಾಟಕದ ಕಡೆಯ ಪೋಸ್ಟ್ ಕಾಣಲಿಲ್ಲ, ಊರಿನ ನನ್ನ ತಮ್ಮನಿಗೆ ಮಹಾರಾಷ್ಟ್ರದ್ದು ಕಾಣಲಿಲ್ಲ. ಎರಡನ್ನೂ ನೋಡಿ ಸುಮ್ಮನೆ ಕೂತವಳು ನಾನು.

ಅಂಗಡಿಯವರಿಗೆ ಅದು ಇನ್ನೂ ಹತ್ತಿರದ್ದು. ಅವರ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದು ಗಡಿ ವಿವಾದದ ಮೇಲಿನ 1967ರ ಮಹಾಜನ ಆಯೋಗದ ವರದಿ ಹೇಳಿತ್ತು. ಆದದ್ದಿಲ್ಲ. 2022ರ ಕೊನೆಯಲ್ಲಿ ಮಹಾರಾಷ್ಟ್ರದ ಜತ್ ತಾಲ್ಲೂಕಿನ ಹಳ್ಳಿಗಳ ಬಗ್ಗೆ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮಾತಿನಿಂದ ಮತ್ತೆ ಬಿಸಿ ಏರಿತು, ಬಸ್ಸುಗಳಿಗೆ ಕಲ್ಲು ಬಿತ್ತು. ಡಿಸೆಂಬರ್ 14ರಂದು ದೆಹಲಿಯಲ್ಲಿ ಇಬ್ಬರು ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಮಾತಾಡಿದ ಮೇಲೆ, ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಇದನ್ನು ಹೆಚ್ಚಿಸಿದವು ಅಂತ ಅಮಿತ್ ಶಾ ಹೇಳಿದರು. "ನೋಡ್ರೀ ಅಕ್ಕೋರೇ, ನಕಲಿ ಖಾತೆ ಬರೆದದ್ದನ್ನೂ ಜನ ನಂಬಿದರು. ಯಾಕಂದರ ಅಸಲಿ ಅವರೂ ಹಂಗೇ ಬರೀತಾರ" ಅಂದರು ಅಂಗಡಿಯವರು. ಈ ಮಾತಿಗೆ ನಾನು ಉತ್ತರ ಹೇಳಲಿಲ್ಲ. ಸರಿಯಾದ ಮಾತು.

ಇಷ್ಟೆಲ್ಲ ತಿಳಿದವರು ಚುನಾವಣೆಯಲ್ಲಿ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುವ ಅವಕಾಶವೂ ಸಿಕ್ಕಿತು. ಪಾಲಿಕೆಯ 227 ವಾರ್ಡುಗಳಿಗೆ 2017ರ ನಂತರ ಚುನಾವಣೆಯೇ ಆಗಿರಲಿಲ್ಲ. 2026ರ ಜನವರಿ 15ಕ್ಕೆ ಮತದಾನ ಅಂತ ಆದಾಗ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಿಂದಿನ ವರ್ಷವಷ್ಟೇ ಒಂದನೇ ತರಗತಿಯಿಂದ ಹಿಂದಿ ತರುವ ಸರ್ಕಾರಿ ಆದೇಶದ ವಿರುದ್ಧ ಜನ ಎದ್ದಿದ್ದರು. ಜೂನ್ 29ರಂದು ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಜುಲೈ 5ರಂದು ವರ್ಲಿಯಲ್ಲಿ ಉದ್ಧವ್ ಮತ್ತು ರಾಜ್ ಠಾಕ್ರೆ ಒಂದೇ ವೇದಿಕೆಗೆ ಬಂದರು. ಅದಾದ ಮೇಲೆ ಮರಾಠಿಯಲ್ಲಿ ಬರೆಯದೆ ಯಾವ ಅಭ್ಯರ್ಥಿಯೂ ಬಾಯಿ ತೆರೆಯುವ ಹಾಗಿರಲಿಲ್ಲ. ನಮ್ಮಂಥ ಭಾಷೆಗಳ ಮತವೂ ಬೇಕು. ಹಾಗಾಗಿ ಮರಾಠಿ, ಹಿಂದಿ, ಗುಜರಾತಿ, ಕನ್ನಡ, ತಮಿಳು ಎಲ್ಲದಕ್ಕೂ ಆರ್ಡರ್.

ಮರಾಠಿ ಫ್ಲೆಕ್ಸಿನ ಭಾಷೆ ಮುಂಬೈಯವರಿಗೆ ಗೊತ್ತೇ ಇದೆ. ಗೆದ್ದವರು "ಕಾರ್ಯಸಮ್ರಾಟ್", ನಿಲ್ಲಬೇಕೆಂದಿರುವವರು "ಭಾವಿ ನಗರಸೇವಕ", ಅಂದರೆ ಮುಂದಿನ ಕಾರ್ಪೊರೇಟರ್. ದಾದಾ, ಭಾವು, ಸಾಹೇಬ್. ಅದನ್ನೇ ಕನ್ನಡಕ್ಕೆ ಇಳಿಸಿಕೊಡಿ ಅಂತ ಬಂದವರಿಗೆ ಅಂಗಡಿಯವರು ಒಪ್ಪಲಿಲ್ಲ. ನಮ್ಮವರು ಇಂಥ ಬಿರುದು ಓದಿ ನಗುತ್ತಾರೆ, ಹೋಟೆಲಿನವರಿಗೆ ಲೈಸೆನ್ಸಿನ ತೊಂದರೆ ಏನು, ಚಾಳಿನ ಸಾಲುಮನೆಗಳವರಿಗೆ ನೀರು ಎಷ್ಟು ಹೊತ್ತು ಬರುತ್ತದೆ ಅದನ್ನು ಹೇಳಿ ಅಂದರು.

ಒಬ್ಬ ಹೆಣ್ಣುಮಗಳು ಮೊದಲ ಸಲ ನಿಂತಿದ್ದರು. ಮರಾಠಿಯವರು, ಕನ್ನಡ ಬಾರದು. ಯಾರೋ ಬರೆದುಕೊಟ್ಟ ಒಂದು ಪುಟ ಕನ್ನಡವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ರೀಲ್ ಮಾಡಬೇಕು ಅಂತ ಬಂದಿದ್ದರು. ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: ತಾಯಿ, ಕನ್ನಡದಲ್ಲಿ ಒಂದೇ ಸಾಲು ಹೇಳಿ, ನನಗೆ ಕನ್ನಡ ಬರುವುದಿಲ್ಲ, ಕಲಿಯುತ್ತಿದ್ದೇನೆ ಅಂತ. ಉಳಿದದ್ದು ನಿಮ್ಮ ಮರಾಠಿಯಲ್ಲೇ ಹೇಳಿ. ಕೆಳಗೆ ನಾವು ಕನ್ನಡ ಬರಹ ಹಾಕುತ್ತೇವೆ. ಆ ಬರಹದ ಪ್ರೂಫ್ ನಾನೇ ನೋಡಿದ್ದು. ಆಸ್ಪತ್ರೆಯ ಓಪಿಡಿ ಸಮಯ, ಗಟಾರ, ಹಿರಿಯರಿಗೆ ಕೂರುವ ಜಾಗ. ಮರಾಠಿಯವರು ಕೇಳಿದ್ದೂ ಅದೇ, ಕನ್ನಡದವರು ಓದಿದ್ದೂ ಅದೇ. ಕೆಳಗೆ ನಮ್ಮ ಹೆಂಗಸರು ಕನ್ನಡದಲ್ಲಿ ಕಾಮೆಂಟ್ ಬರೆದರು. ಅಂಗಡಿಯ ಹುಡುಗ ಆಕೆಗೆ ಫೋನ್ ಮಾಡಿ ಕೇಳಿ, ಆಕೆ ಹೇಳಿದ್ದನ್ನೇ ಕನ್ನಡದಲ್ಲಿ ಉತ್ತರವಾಗಿ ಹಾಕಿದ. ಇದಕ್ಕಿಂತ ಒಳ್ಳೆಯ ಕೆಲಸ ನಾನು ಈ ಊರಿನಲ್ಲಿ ನೋಡಿಲ್ಲ.

ಈಗ ತಕರಾರು.

ಇನ್ನೊಬ್ಬ ಅಭ್ಯರ್ಥಿ. ಪಕ್ಷವೂ ಬೇಡ, ಹೆಸರೂ ಬೇಡ. ನಾಲ್ಕು ಭಾಷೆಯ ಆರ್ಡರ್. ಕನ್ನಡದ ಚಿತ್ರದಲ್ಲಿ ಅವರು ನಮ್ಮ ಮನೆಮಗ. ಉಡುಪಿ ಹೋಟೆಲಿನ ಇಡ್ಲಿ ತಿಂದು ಬೆಳೆದವರು. ವಾರ್ಡಿನ ಪಾಲಿಕೆ ಶಾಲೆಯಲ್ಲಿ ಕನ್ನಡ ತರಗತಿಗಳನ್ನು ಮುಚ್ಚಲು ಬಿಡುವುದಿಲ್ಲ ಅಂತ ಭರವಸೆ. ಓದಿ ನನಗೆ ಕಣ್ಣು ತುಂಬಿತು, ನಿಜ ಹೇಳುತ್ತೇನೆ. ಅಂಥ ಶಾಲೆಯಲ್ಲೇ ನನ್ನ ಜೀವನ ಹೋಗಿದೆ. ಹೋಟೆಲ್ ಕೆಲಸದವರ ಮಕ್ಕಳು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ ಕಡೆಯವರ ಮಕ್ಕಳು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದ ಊರು ಇದು. ಕನ್ನಡದ ತರಗತಿ ಒಂದೊಂದಾಗಿ ಖಾಲಿಯಾದದ್ದನ್ನು ನಾನು ಒಳಗಿದ್ದು ನೋಡಿದ್ದೇನೆ.

ಅದೇ ಮೇಜಿನ ಮೇಲೆ ಮರಾಠಿಯದ್ದೂ ಇತ್ತು. ಅದರಲ್ಲಿ ಅವರು ಭೂಮಿಪುತ್ರ. ಇಡ್ಲಿ ಇಲ್ಲ, ಅದು ಇರಲಿ. ಕೆಳಗೆ ಮೂರನೇ ಭರವಸೆ: ಮಕ್ಕಳಿಲ್ಲದೆ ಖಾಲಿ ಬಿದ್ದಿರುವ ಪಾಲಿಕೆ ಶಾಲೆಯ ಕೋಣೆಗಳಲ್ಲಿ ಮರಾಠಿ ತರುಣರಿಗೆ ಅಭ್ಯಾಸಿಕೆ, ಅಂದರೆ ಕೂತು ಓದುವ ಕೋಣೆ. ಸ್ಪರ್ಧಾ ಪರೀಕ್ಷೆಗೆ ಓದುವವರಿಗೆ ಅಭ್ಯಾಸಿಕೆ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೊಂದು ಕೋಣೆಯಲ್ಲಿ ಆರೇಳು ಜನ ಇರುವ ಮನೆಯಿಂದ ಬಂದು ಎಲ್ಲಿ ಓದಬೇಕು ಆ ಮಕ್ಕಳು? ಆದರೆ ಶಾಲೆ ಒಂದೇ, ಕೋಣೆಗಳೂ ಅವೇ. ನಮಗೆ ತರಗತಿ ಉಳಿಸುತ್ತೇನೆ ಅಂದದ್ದು, ಅವರಿಗೆ ಕೋಣೆ ಕೊಡುತ್ತೇನೆ ಅಂದದ್ದು ಒಂದೇ ಗೋಡೆಯ ಒಳಗಿನ ಮಾತು.

ಅಂಗಡಿಯವರಿಗೆ ತೋರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು, ಗಿರಾಕಿಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಉತ್ತರ: ಅದನ್ನು ಓದುವವರು ಬೇರೆ, ಇದನ್ನು ಓದುವವರು ಬೇರೆ, ಹಾಗೇ ಹೋಗಲಿ. ಅಂಗಡಿಯವರು ಹಾಗೇ ಕಳಿಸಿದರು. "ಹೇಳೋರು ಅವರು, ನಾವು ಬರೆಯೋರು ಅಷ್ಟೇರೀ" ಅಂದರು. ನಾನು ಆ ಗಿರಾಕಿಯ ಕಾಗದಗಳನ್ನು ವಾಪಸ್ ಕೊಟ್ಟು, ಇನ್ನು ಇವರ ಪ್ರೂಫ್ ನನಗೆ ಕಳಿಸಬೇಡಿ ಅಂದೆ.

ಇದು ಸಣ್ಣ ವಿಷಯ ಅಂತ ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನನ್ನ ತಂದೆ ಈ ಊರಿನಲ್ಲಿ ಹೋಟೆಲ್ ಕಾರ್ಮಿಕರಾಗಿದ್ದರು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರ ಬಗ್ಗೆ ಕೊನೆಯವರೆಗೂ ಹೇಳುತ್ತಿದ್ದರು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಬರುತ್ತಿದ್ದ ನಾಯಕ. ಮೈದಾನದ ಭಾಷಣದಲ್ಲಿ ಭಾಷೆ ಬದಲಿಸಿದರೂ ಎದುರಿಗೆ ಕೂತವರು ಎಲ್ಲ ಭಾಷೆಯವರು. ನಮ್ಮವರಿಗೆ ಒಂದು, ಪಕ್ಕದವರಿಗೆ ಇನ್ನೊಂದು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಫೋನಿನಲ್ಲಿ ಆ ಮೈದಾನ ಇಲ್ಲ. ಫೇಸ್‌ಬುಕ್ಕಿನಲ್ಲಿ ಜಾಹೀರಾತು ಹಾಕುವಾಗ ಯಾವ ಪ್ರದೇಶ, ಯಾವ ಭಾಷೆಯವರಿಗೆ ಕಾಣಬೇಕು ಅಂತ ಆರಿಸಬಹುದು. ವಾಟ್ಸಾಪ್ ಗ್ರೂಪುಗಳು ಭಾಷೆಯ ಪ್ರಕಾರ ಮೊದಲೇ ಬೇರೆ ಬೇರೆ. ನನ್ನ ಭಾಷೆಯಲ್ಲಿ ಬರೆದದ್ದು ನನಗೆ ಕೊಟ್ಟ ಮರ್ಯಾದೆ ಅಂತ ನಾನು ತಿಳಿಯುತ್ತೇನೆ. ಪಕ್ಕದ ಮನೆಯವರಿಗೆ ತಿಳಿಯಬಾರದು ಅಂತ ನನ್ನ ಭಾಷೆಯಲ್ಲಿ ಬರೆದಿದ್ದರೆ ಅದು ಮರ್ಯಾದೆ ಅಲ್ಲ, ನನ್ನ ಕನ್ನಡವನ್ನು ಪರದೆ ಮಾಡಿಕೊಂಡದ್ದು.

ಓದುವ ನೀವೂ ಇದನ್ನು ಪರೀಕ್ಷೆ ಮಾಡಬಹುದು. ಫೇಸ್‌ಬುಕ್ ಕಂಪನಿಯ ಆ್ಯಡ್ ಲೈಬ್ರರಿ ಎಲ್ಲರಿಗೂ ತೆರೆದಿದೆ. ರಾಜಕಾರಣಿಯ ಹೆಸರು ಹಾಕಿದರೆ ಅವರು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು ಕಾಣುತ್ತವೆ, ಹಣ ಯಾರದ್ದು ಅನ್ನುವ ಸಾಲೂ ಇರುತ್ತದೆ. ಲೋಕಸಭೆ, ವಿಧಾನಸಭೆಗೆ ನಿಲ್ಲುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಅಫಿಡವಿಟ್‌ನಲ್ಲಿ ಬರೆಯಬೇಕು, 2013ರಿಂದ ಈ ನಿಯಮ ಇದೆ. ನಿಮ್ಮ ಭಾಷೆಯದ್ದನ್ನು ಮೊದಲು ಓದಿ, ಆಮೇಲೆ ಮರಾಠಿಯದ್ದನ್ನೂ ಓದಿ. ಬಾರದಿದ್ದರೆ ಪಕ್ಕದ ಮನೆಯವರ ಹತ್ತಿರ ಓದಿಸಿ, ನಿಮ್ಮದನ್ನು ಅವರಿಗೆ ಓದಿ ಹೇಳಿ. ಮುಂಬೈಯಲ್ಲಿ ಇದು ಕಷ್ಟದ ಕೆಲಸವಲ್ಲ ಅಲ್ವಾ?

ಅಂಗಡಿಯವರಿಗೆ ನನ್ನ ಸಲಹೆ ಕೊಟ್ಟಿದ್ದೇನೆ. ಒಂದಕ್ಕಿಂತ ಜಾಸ್ತಿ ಭಾಷೆಯ ಆರ್ಡರ್ ಬಂದರೆ ಎಲ್ಲ ಭಾಷೆಯ ಭರವಸೆಗಳೂ ಒಂದೇ ಪಟ್ಟಿಯಿಂದ ಬರಬೇಕು. ವರ್ಣನೆ ಬದಲಾಗಲಿ, ಮಾತಿನ ಧಾಟಿ ಬದಲಾಗಲಿ, ಇಡ್ಲಿಯ ಜಾಗದಲ್ಲಿ ವಡಾಪಾವ್ ಬರಲಿ. ಕೊಡುತ್ತೇನೆ ಅಂದದ್ದು ಬದಲಾಗಬಾರದು. ಇದನ್ನು ರೇಟ್ ಕಾರ್ಡಿನಲ್ಲೇ ಬರೆದುಬಿಡಿ ಅಂದೆ. ಯೋಚನೆ ಮಾಡುತ್ತೇನೆ ಅಂದಿದ್ದಾರೆ. ಗಿರಾಕಿ ಹೋದರೆ ಬಾಡಿಗೆ ಯಾರು ಕಟ್ಟಬೇಕು ಅನ್ನುವ ಅವರ ಮಾತಿನಲ್ಲೂ ಸತ್ಯ ಇದೆ, ಮಾಟುಂಗಾದ ಬಾಡಿಗೆ ನಮಗೂ ಗೊತ್ತು. ಆದರೆ ಆ ಫೈಲನ್ನು ಇಷ್ಟು ಶ್ರದ್ಧೆಯಿಂದ ಮಾಡಿಟ್ಟವರಿಂದ ಇದನ್ನು ಕೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಸಣ್ಣಪುಟ್ಟ ದೂರುಗಳೂ ಇವೆ. ಈಚೆಗೆ ಹುಡುಗರು ಮೊದಲ ಕರಡನ್ನು ಎಐಯಲ್ಲಿ ತೆಗೆಯುತ್ತಾರೆ. ಆ ಕನ್ನಡ ಮರದ ಹಲಗೆಯ ಹಾಗೆ ಗಡುಸು, "ಶುಭಾಶಯ ಕೋರಲು ಬಯಸುತ್ತೇನೆ" ಅನ್ನುವ ಜಾತಿಯದ್ದು. ಕರಡು ಬಂದ ತಕ್ಷಣ ಒಪ್ಪಬೇಡಿ, ಅಂಗಡಿಯವರು ಸ್ವತಃ ಕೂತು ಬರೆದದ್ದನ್ನೇ ಕೇಳಿ. ಗಣೇಶ ಚತುರ್ಥಿ, ನವರಾತ್ರಿ, ನವೆಂಬರ್ 1ರ ಹತ್ತಿರ ಹೋದರೆ ತಡವಾಗುತ್ತದೆ. ಹಬ್ಬಕ್ಕೆ ಒಂದು ವಾರ ಮುಂಚೆ ಕೊಟ್ಟುಬಿಡಿ. ಸಂಘದ ಹೆಸರಿಗೆ ಬಿಲ್ ಬೇಕಿದ್ದರೆ ಮೊದಲೇ ಹೇಳಿ, ಆಮೇಲೆ ಕೇಳಿದರೆ ಓಡಾಡಿಸುತ್ತಾರೆ. ಕೆಲಸ ಮುಗಿದ ಮೇಲೆ ತಿದ್ದಬಹುದಾದ ಫೈಲನ್ನೂ ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ ಮಾತ್ರ.